ಗೈರುಹಾಜರಾದವರ ಹಾರ

ಹಾಜರಿ ತಪಾಸಣೆಗೆ ಬಂದ ಸಾಹೇಬರು ತರಗತಿಯಲ್ಲಿ ತಲೆ ಎಣಿಸಿ ಗುಡುಗಿದರು: "ಪುಸ್ತಕದಲ್ಲಿ ಮೂವತ್ತು, ಇಲ್ಲಿರೋದು ಇಪ್ಪತ್ತೊಂದು! ಶಾಲೆಗೆ ಸಿ ಗ್ರೇಡ್. ಒಬ್ಬ ಮೇಷ್ಟ್ರು ಹೆಚ್ಚುವರಿ, ಎತ್ತಂಗಡಿ!"

ಬಿಸಿಯೂಟದ ಚಿಕ್ಕತಾಯಮ್ಮ ಸೌಟು ಹಿಡಿದೇ ಬಂದಳು.

"ಉಳಿದ ಒಂಬತ್ತು ಮಕ್ಕಳು ಊರ ಬಾಗಿಲಲ್ಲಿ ನಿಂತವೆ ಸ್ವಾಮಿ. ಹಾರ ಹಿಡಿದು ಸ್ವಾಗತ ಮಾಡಬೇಕು ಅಂತ ನಿಮ್ಮ ಆಫೀಸಿಂದಲೇ ಫೋನ್ ಬಂದಿತ್ತು. ನೀವು ಕೆರೆ ದಾರೀಲಿ ಬಂದ್ಬುಟ್ರಿ."

"ತರಗತೀಲಿ ಇಲ್ಲದವರು ಗೈರು. ನಿಯಮ ಅಂದ್ರೆ ನಿಯಮ!"

"ಆಗಲಿ ಸ್ವಾಮಿ. ಪೇಪರಿನೋರೂ ಅಲ್ಲೇ ಕಾಯ್ತಾವ್ರೆ. ಶಾಲೆಗೇ ಬರದ ಮಕ್ಕಳು ಸಾಹೇಬರಿಗೆ ಹಾರ ಹಾಕಿದ್ರು ಅಂತ ಬರ್ಕೊಳ್ಳಿ ಅಂತೀನಿ."

ಸಾಹೇಬರು ಕೆಮ್ಮಿದರು. ಇಪ್ಪತ್ತೊಂದನ್ನು ಹೊಡೆದುಹಾಕಿ ಮೂವತ್ತು ಬರೆದರು. ಆಮೇಲೆ ಹಾರಕ್ಕೆ ಕೊರಳೊಡ್ಡಲು ಊರ ಬಾಗಿಲಿಗೆ ತಾವೇ ನಡೆದರು.