ಖಾಲಿ ತೊಟ್ಟಿಲು ತೂಗಿದ ನಿಂಬೆವ್ವ

ಲೋಕ ಇನ್ನೂ ಹಸಿಯಾಗಿತ್ತು, ಮಕ್ಕಳೇ. ಆಗ ಹೊಳೆ ಮಣ್ಣು ಕಲಸಿ ಕೂಸಿನ ಮೈ ಮಾಡುತ್ತಿತ್ತು, ಗಾಳಿ ಜೀವ ತಂದು ಊದುತ್ತಿತ್ತು. ಒಬ್ಬ ತಾಯಿಗೆ ಒಂದು ಸಲಕ್ಕೆ ಒಂದೇ ಕೂಸು. ಅವಳಿ ಎಂಬ ಮಾತೇ ಹುಟ್ಟಿರಲಿಲ್ಲ.

ನಿಂಬೆವ್ವನಿಗೆ ಚೊಚ್ಚಲ ಬಸಿರು. ಆತುರವೋ ಆತುರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಳು. ಅದೂ ಸಾಲದೆಂದು, ಬಸಿರು ನಿಂತ ಎಂಟನೆಯ ದಿನವೇ ತೊಟ್ಟಿಲನ್ನೂ ಕಟ್ಟಿದಳು. ಖಾಲಿ ತೊಟ್ಟಿಲು ತೂಗಬಾರದೆಂದು ಯಾರೂ ಹೇಳಿರಲಿಲ್ಲವೇ? ಎಲ್ಲರೂ ಹೇಳಿದ್ದರು. ಆದರೂ ಜೋ ಜೋ ಎನ್ನುತ್ತಾ ತೂಗಿಯೇ ಬಿಟ್ಟಳು.

ಹಗ್ಗ ಕಿರ್ ಎಂದಿತು. ತೊಟ್ಟಿಲು ಭಾರವಾಯಿತು. ಬಗ್ಗಿ ನೋಡಿದರೆ ಒಳಗೆ ಏನೂ ಇಲ್ಲ. ಹಾಸಿದ ಬಟ್ಟೆಯ ಮೇಲೆ ಮಾತ್ರ ಸಣ್ಣ ತಲೆ ಒತ್ತಿದಷ್ಟು ತಗ್ಗು. ಆ ತಗ್ಗು ಉಸಿರಾಡುತ್ತಿತ್ತು. ನಿಂಬೆವ್ವ ಹೊರಗೋಡಿ ಗಾಳಿಯನ್ನು ಕೂಗಿದಳು.

"ಗಾಳಿಯವ್ವಾ, ಏನಿದು?"

"ನೀ ತೂಗಿದಿ, ಅದು ಬಂತು," ಎಂದಿತು ಗಾಳಿ. "ಕರದಾರ ಅಂತ ಬಂದೈತಿ. ಅದು ಬರೀ ಜೀವ, ಅದಕ್ಕ ಮೈ ಇಲ್ಲ. ನಿನ್ನ ಹೊಟ್ಟ್ಯಾಗಿನ ಮೈ ಕಸಗೊಳ್ತೈತಿ. ನಿನ್ನ ಕೂಸು ಉಳಿಯೂದಿಲ್ಲ."

ನಿಂಬೆವ್ವ ಹೊಳೆಗೆ ಓಡಿದಳು. "ತಾಯಿ, ಇನ್ನೊಂದು ಮುದ್ದಿ ಮಣ್ಣು ಕಲಸವ್ವಾ. ಅದಕ್ಕೂ ಒಂದು ಮೈ ಮಾಡು. ನನ್ನ ಕೂಸು ಉಳೀಲಿ!"

"ಹೊತ್ತು ಮೀರೈತಿ, ಮಗಳ. ನಿನ್ನ ಪಾಲಿನ ಮಣ್ಣು ಕಲಸಿ ಆಗೈತಿ. ಬೇಕಂದ್ರ ಇದ್ದದ್ದನ್ನ ಎರಡು ಪಾಲು ಮಾಡ್ತೀನಿ. ಆದ್ರ ಯಾವದು ನಿನ್ನದು, ಯಾವದು ಬಂದದ್ದು ಅಂತ ಕೇಳಬ್ಯಾಡ. ನನಗೂ ತಿಳಿಯೂದಿಲ್ಲ."

"ಮಾಡವ್ವಾ," ಎಂದಳು ನಿಂಬೆವ್ವ. ಹೊಳೆ ಹಾಗೆಯೇ ಮಾಡಿತು.

ಪಕ್ಕದ ಮನೆಯ ಬಾಳವ್ವನಿಗೆ ಇದು ಗೊತ್ತಾಯಿತು. ಅವಳಿಗೂ ಎರಡು ಬೇಕೆನಿಸಿತು. ಜಾಣೆ ಅವಳು, ಬಸಿರಾಗುವ ಮೊದಲೇ ಹೊಳೆಗೆ ಹೋಗಿ ಎರಡು ಮುದ್ದೆ ಬೇಡಿಕೊಂಡಳು. ಬೇರೆ ಬೇರೆ ಮಣ್ಣು, ಬೇರೆ ಬೇರೆ ಮೈ. ಹುಟ್ಟಿದ್ದು ಒಂದು ಗಂಡು, ಒಂದು ಹೆಣ್ಣು. ಹೋಲಿಕೆ ಅಕ್ಕ ತಮ್ಮನಿಗೆ ಇರುವಷ್ಟೇ. ಹೊಳೆಯ ಗುಟ್ಟನ್ನು ಅವಳು ಮಗಳಿಗೂ ಹೇಳಿಕೊಟ್ಟಳು. ಅದಕ್ಕೇ ಅಂಥ ಅವಳಿಗಳು ಕೆಲವು ಮನೆಗಳಲ್ಲಿ ತಾಯಿಗೂ ಹುಟ್ಟುತ್ತವೆ, ಮಗಳಿಗೂ ಹುಟ್ಟುತ್ತವೆ. ಒಂದೇ ಮಣ್ಣು ಹಂಚಿಕೊಂಡ, ನಿಂಬೆವ್ವನಂಥವರ ಅವಳಿ ತೀರ ಅಪರೂಪ, ಯಾವ ಮನೆಗೂ ಹೇಳಿ ಬರುವುದಿಲ್ಲ.

ಇತ್ತ ದಿನ ತುಂಬಿದಾಗ ನಿಂಬೆವ್ವ ಹೆತ್ತದ್ದು ಎರಡು ಹೆಣ್ಣು. ಅದೇ ಮೂಗು, ಅದೇ ಹುಬ್ಬು, ಅಳುವುದೂ ಒಂದೇ ಉಸಿರಿಗೆ.

"ನಿಮ್ಮೊಳಗ ನನ್ನಾಕಿ ಯಾರ?" ಎಂದು ಪಿಸುಗುಟ್ಟಿದಳು.

ಎರಡೂ ಒಟ್ಟಿಗೇ ಅಳು ನಿಲ್ಲಿಸಿ ಅವಳನ್ನೇ ನೋಡಿದವು. ಅವಳ ಮೈ ಜುಂ ಎಂದಿತು. ಅದೇ ಗಳಿಗೆಗೆ ಎದೆಯಲ್ಲಿ ಹಾಲೂ ಇಳಿಯಿತು. ಎರಡನ್ನೂ ಮಡಿಲಿಗೆ ಎಳೆದುಕೊಂಡಳು.

ಇವತ್ತಿಗೂ ನೋಡಿ, ತದ್ರೂಪಿ ಅವಳಿಗಳ ತಾಯಿ ಒಂದನ್ನು ಎತ್ತಿಕೊಳ್ಳುವ ಮುನ್ನ ಒಂದು ಗಳಿಗೆ ಸುಮ್ಮನೆ ಮುಖ ನೋಡುತ್ತಾ ನಿಲ್ಲುತ್ತಾಳೆ, ಆಮೇಲೆ ಎರಡಕ್ಕೂ ಹಾಲು ಕೊಡುತ್ತಾಳೆ.