ಕೆಸರಿನಲ್ಲಿ ನಡೆದ ಪಾದಪೂಜೆ

ಈ ಪ್ರಸಂಗದ ಅಕ್ಷರ ಅಕ್ಷರವೂ ಸತ್ಯ. ಸುಳ್ಳೆಂದು ಸಾಧಿಸಿದವರಿಗೆ ನನ್ನ ಮೀಸೆ ಬೋಳಿಸಿ ಕೈಗೆ ಕೊಡುತ್ತೇನೆ. ಸುತ್ತಲ ಸೀಮೆಯಲ್ಲಿ ಇಂಥ ಮೀಸೆ ಇನ್ನೊಂದಿಲ್ಲವೆಂಬುದೂ ಅಷ್ಟೇ ಸತ್ಯ.

ಕರಿಗುಡ್ಡದ ಬುಡದ ಪುಟ್ಟ ಮಣ್ಣಿನ ಮಠದಲ್ಲಿ ಪೂಜ್ಯ ಕಲ್ಲಿನಾಥ ಶಿವಯೋಗಿಗಳು ನೆಲೆಸಿದ್ದರು. ಒಂದು ಮುಂಜಾನೆ ದೇಸಾಯರ ಮನೆಯ ಬಂಗಾರೆವ್ವನವರು ಅಲ್ಲಿಗೆ ಗಾಡಿಯಲ್ಲಿ ಬಂದರು. ಹಿಂದಿನ ವರ್ಷ ಜ್ವರ ಬಂದು ಮಲಗಿದವರು, ಜ್ವರ ಬಿಟ್ಟರೂ ಹಾಸಿಗೆ ಬಿಟ್ಟಿರಲಿಲ್ಲ. ಊಟ ಹಾಸಿಗೆಗೇ ಬರುತ್ತಿತ್ತು, ಬಚ್ಚಲಿಗೆ ಎತ್ತಿಕೊಂಡು ಹೋಗುವವರಿದ್ದರು. ಈಗಲೂ ಏಳದಿದ್ದರೆ ಮೊಣಕಾಲು ಮರಗಟ್ಟಿ ಹೋಗುತ್ತವೆಂದು ಪಂಡಿತರು ಕೈಚೆಲ್ಲಿದ್ದರು. ಗುರುಗಳ ಪಾದ ತೊಳೆದ ನೀರೊಂದೇ ಉಳಿದ ಮದ್ದೆಂದು ಬಂಗಾರೆವ್ವನವರು ಬೆಳ್ಳಿ ತಂಬಿಗೆ ಹಿಡಿದು ಬಂದಿದ್ದರು.

"ಅಪ್ಪಾವ್ರು ಎಲ್ಲದಾರೋ ದ್ಯಾಮಣ್ಣ?"

ಗಾಡಿಯ ದ್ಯಾಮಣ್ಣ ಬಾರುಕೋಲಿನಿಂದ ತೋರಿಸಿದ. "ಅಲ್ಲಿ ಕೆಸರಾಗ ಕುಣ್ಯಾಕ್ಹತ್ತಿದವ್ರು ಅವರ ಅಲ್ರೀ, ಅವ್ವಾರ?"

"ಹುಚ್ಚಗಿಚ್ಚ ಹಿಡೀತೇನು ನಿನಗ!"

ಆದರೆ ಸಾಕ್ಷಾತ್ ಶಿವಯೋಗಿಗಳೇ! ಮಳೆಗಾಲಕ್ಕೆ ಮುಂಚೆ ಮಠದ ಮಣ್ಣಿನ ಮಾಳಿಗೆಗೆ ಮೆತ್ತಲು ಹೊಟ್ಟು ಕಲೆಸಿದ ಮಣ್ಣನ್ನು ತುಳಿಯುತ್ತಿದ್ದರು. ಕಾವಿ ಮೇಲಕ್ಕೆ ಸಿಕ್ಕಿಸಿ, ಹಾಡಿಕೊಳ್ಳುತ್ತ, ಗಿರ್ರನೆ ತಿರುಗಿ ತುಳಿಯುತ್ತಿದ್ದರು. ಗಡ್ಡದ ತುಂಬ ಹೊಟ್ಟು. ಕಣ್ಣು ಮುಚ್ಚಿ ಜಪದಲ್ಲಿರಬೇಕಾದ ಗುರುಗಳು! ಬಂಗಾರೆವ್ವನವರ ತಂಬಿಗೆ ಕೈಜಾರಿತು.

"ಅಪ್ಪಾವ್ರ, ಪಾದ ಬೇಕಾಗಿತ್ರೀ," ಎಂದರು ಹೇಗೋ.

"ಪಾದ ಕೆಲಸದಾಗ ಅದಾವ ತಾಯಿ. ಬೇಕಾದವರು ಇಲ್ಲೇ ಬರಬೇಕು," ಎಂದರು ಗುರುಗಳು, ತುಳಿತ ನಿಲ್ಲಿಸದೆ.

ಬಾ ಎಂದು ಬಂಗಾರೆವ್ವನವರನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ! ಅವರು ಗಾಡಿಯ ಅಂಚು ಹಿಡಿದು ಕೆಸರನ್ನೇ ನೋಡಿದರು.

"ಗಾಡಿ ಮನಿ ಕಡೆ ಹೊಳ್ಳಸಲೇನ್ರೀ?" ಎಂದ ದ್ಯಾಮಣ್ಣ.

"ಹೊಳ್ಳಿಸಿ? ಅದ ಹಾಸಿಗ್ಯಾಗ ಸಾಯ್ಲೇನು? ಕೈ ಕೊಡೋ ಮೂಳ."

ಅವನ ಹೆಗಲು ಹಿಡಿದು ಗಾಡಿಯಿಂದಿಳಿದು ಕೆಸರಿಗೆ ಕಾಲಿಟ್ಟರು. ತಣ್ಣನೆಯ ಮಣ್ಣು ಮೀನಖಂಡದವರೆಗೆ ನುಂಗಿತು. ಕಾಲು ಕೀಳಲಾಗದೆ ಗಾಬರಿಯಾದರು. ಗುರುಗಳು ಕೈ ನೀಡಿದರು. ಜಗ್ಗಿ ಎತ್ತಿದಾಗ ಕೆಸರು ಎಂಥ ಸದ್ದು ಮಾಡಿತೆಂದರೆ, ದೇಸಾಯರ ಮನೆಯಲ್ಲಿ ಅದರ ಹೆಸರೆತ್ತುವಂತಿಲ್ಲ. ದ್ಯಾಮಣ್ಣ ಮುಖ ತಿರುಗಿಸಿದ. ಯಾರೋ ನಕ್ಕಂತಾಯಿತು. ಆ ನಗು ತಮ್ಮದೇ ಎಂದು ತಿಳಿದಾಗ ಬಂಗಾರೆವ್ವನವರು ಬೆಚ್ಚಿಬಿದ್ದರು!

ಮೊಣಕಾಲು ನೊಂದವು, ನೋಯುತ್ತಲೇ ಮಡಚಿದವು. ಅಳುತ್ತ ನಗುತ್ತ, ಮಣ್ಣು ಹದಕ್ಕೆ ಬರುವವರೆಗೂ ತುಳಿದರು.

ಆಮೇಲೆ ನಡೆದದ್ದು ದ್ಯಾಮಣ್ಣ ಕಣ್ಣಾರೆ ಕಂಡದ್ದು. ಶಿವಯೋಗಿಗಳು ಬಂಗಾರೆವ್ವನವರನ್ನು ಕಟ್ಟೆಯ ಮೇಲೆ ಕೂರಿಸಿ, ತಾವು ನೆಲದಲ್ಲಿ ಕೂತು, ಅವರ ಪಾದಗಳನ್ನು ತೊಳೆಯತೊಡಗಿದರು!

"ಅಯ್ಯಯ್ಯೋ ಶಿವನ! ಬ್ಯಾಡ್ರೀ ಅಪ್ಪಾವ್ರ!" ಎಂದು ಬಂಗಾರೆವ್ವನವರು ಕೂಗಿದರು.

"ಇವಕ್ಕ ಯಾರೂ ಪೂಜಿ ಮಾಡಿಲ್ಲ ತಾಯಿ. ನಾಳಿಂದ ನೀವ ಮಾಡ್ರಿ."

ಅಂದು ಬಂಗಾರೆವ್ವನವರು ಗಾಡಿ ಹತ್ತದೆ ಊರತನಕ ನಡೆದರು. ಎತ್ತುಗಳು ಹಿಂದೆ ಬಿದ್ದು ಏದುಸಿರು ಬಿಟ್ಟವು.

ಊರತನಕ ನಡೆದದ್ದು, ಎತ್ತುಗಳು ಏದುಸಿರು ಬಿಟ್ಟದ್ದು, ಇಷ್ಟು ಮಾತ್ರ ನಾನು ಹೆಣೆದದ್ದು. ನಿಜಕ್ಕೂ ಬಂಗಾರೆವ್ವನವರು ದಾರಿಯ ಹಳ್ಳದವರೆಗೆ ನಡೆದು ಗಾಡಿ ಹತ್ತಿದರು. ಮರುದಿನ ನಡೆದೇ ಹಳ್ಳ ದಾಟಿದರು.