ಗೋಡೆಯ ಅಂಕಿ ಇಳಿಸಿದ ಗುಮಾಸ್ತ

ದ್ರಾಕ್ಷಿ ಶೈತ್ಯಾಗಾರದ ಅಧ್ಯಕ್ಷ ಕಟಗೇರಿ ಸಾಹೇಬರು ಗುಮಾಸ್ತನ ಮೇಲೆ ಗುಡುಗಿದರು. "ಗೋಡೆಯ ಉಷ್ಣವಾಹಕತೆ ಭಾಳ ಐತಿ, ಬಿಸಿ ಒಳಗ ಬರತೈತಿ ಅಂತ ಇಂಜಿನಿಯರ್ ಅಂಕಿ ಕೊಟ್ಟಾನ. ರಿಪೇರಿಗಂತ ಗೋಡೆ ಮುಟ್ಟಂಗಿಲ್ಲ. ನಾಳೆ ಆ ಅಂಕಿ ಇಳೀಬೇಕು. ಇಲ್ಲಾಂದ್ರ ನೀ ಮನಿಗೆ ನಡಿ!"

ಗುಮಾಸ್ತ ತಲೆಯಾಡಿಸಿದ. ಮೀಟರ್, ಸೆಲ್ಸಿಯಸ್ ಬಿಟ್ಟು ಬ್ರಿಟಿಷರ ಅಡಿ, ಫ್ಯಾರನ್‌ಹೀಟ್ ಲೆಕ್ಕಕ್ಕೆ ಅಂಕಿಯನ್ನು ಬದಲಿಸಿದ. ಅದು ಹತ್ತಿರಹತ್ತಿರ ಅರ್ಧಕ್ಕಿಳಿಯಿತು.

"ನನ್ನ ಗದರಿಕೆಗೆ ಗೋಡೇನೂ ಹೆದರತೈತಿ!" ಎಂದು ಸಾಹೇಬರು ಪೇಢೆ ಹಂಚಿದರು. ಸಂಜೆ ಶೈತ್ಯಾಗಾರದೊಳಗೆ ಹೋದರೆ ದ್ರಾಕ್ಷಿ ಬೆವರುತ್ತಿತ್ತು.

"ಏನಲೇ ಇದು?"

"ಸಾಹೇಬ್ರ, ನಿಮ್ಮ ತೂಕ ಪೌಂಡ್ ಬಿಟ್ಟು ಕಿಲೋದಾಗ ಹೇಳಿದ್ರ ಅಂಕಿ ಅರ್ಧಕ್ಕಿಂತ ಕಡಿಮಿ ಆಗತೈತ್ರಿ. ಆದ್ರ ಅಂಗಿ ಗುಂಡಿಗೆ ಅದು ತಿಳಿಯಂಗಿಲ್ರಿ."

ಗದರಲೆಂದು ಸಾಹೇಬರು ಉಸಿರೆಳೆದುಕೊಂಡರು. ಟಪ್ಪೆಂದು ಗುಂಡಿ ಹಾರಿತು.